ಒಂದು ಗುಂಟೆ ಮಾರಲು ಕೇಳುವ ಪ್ರಶ್ನೆ, ರಾಜ್ಯ ಆಳಲು ಯಾಕೆ ಕೇಳಲ್ಲ?

ಅರವತ್ತಕ್ಕೆ ಅರಳು ಮರಳು ಅಂತ ಗಾದೆ. ಆ ಗಾದೆ ಹುಟ್ಟಿದ ಕಾಲದಲ್ಲಿ ಅರವತ್ತು ದಾಟುತ್ತಿದ್ದವರೇ ಕಡಿಮೆ. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಮ್ಮ ಜನರ ಸರಾಸರಿ ಆಯಸ್ಸು 32ರ ಆಸುಪಾಸಿನಲ್ಲಿತ್ತು. ಈಗ ಅದು 70ರ ಹತ್ತಿರ ಬಂದಿದೆ. ಇವತ್ತು ಅರವತ್ತರ ರಾಜಕಾರಣಿಯನ್ನು ಅರಳು ಮರಳು ಅಂದರೆ ಜನ ನಗುತ್ತಾರೆ. ರಾಜಕೀಯದಲ್ಲಿ ಆ ವಯಸ್ಸಿನವರಿಗೆ ಇನ್ನೂ 'ಯುವ ನಾಯಕ' ಅಂತ ಫ್ಲೆಕ್ಸ್ ಕಟ್ಟುತ್ತಾರೆ.

ಆದರೆ ಎಂಬತ್ತು ದಾಟಿದವರ ವಿಷಯ ಬಂದಾಗ ಪ್ರಶ್ನೆ ಏಳುತ್ತದೆ. ವೇದಿಕೆ ಮೇಲೆ ಕಣ್ಣು ಮುಚ್ಚಿ ಕೂತ ನಾಯಕ, ಹೆಸರು ಮರೆತು ತಡವರಿಸುವ ನಾಯಕ, ಹೇಳಿದ್ದನ್ನೇ ಮತ್ತೆ ಹೇಳುವ ನಾಯಕ. ಇಂಥ ವಿಡಿಯೊಗಳು ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ದಿನಾ ಓಡಾಡುತ್ತವೆ. ಅಮೆರಿಕದಲ್ಲಿ 2024ರಲ್ಲಿ ಇದೇ ಪ್ರಶ್ನೆ ಅಧ್ಯಕ್ಷರನ್ನೇ ಕಣದಿಂದ ಇಳಿಸಿತು. 81 ವರ್ಷದ ಜೋ ಬೈಡನ್ ಜೂನ್ 27ರ ಟಿವಿ ಚರ್ಚೆಯಲ್ಲಿ ತಡವರಿಸಿದರು, ಜುಲೈ 21ಕ್ಕೆ ಸ್ಪರ್ಧೆಯಿಂದ ಹಿಂದೆ ಸರಿದರು. ನಮ್ಮಲ್ಲಿ ಈ ಪ್ರಶ್ನೆ ಯಾವಾಗ ಎದ್ದಿದೆ, ಯಾರು ಎತ್ತಿದ್ದಾರೆ, ಅದರಿಂದ ಏನಾಗಿದೆ? ಕರ್ನಾಟಕದ ಇತಿಹಾಸದಲ್ಲೇ ಇದಕ್ಕೆ ಉತ್ತರ ಇದೆ.

ಮೊದಲು ನಮ್ಮ ಊರ ಕಡೆಯ ಒಂದು ವಿಷಯ ನೋಡೋಣ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಚಿಕ್ಕಜಾಲದ ಸುತ್ತ ಒಂದೊಂದು ಗುಂಟೆಗೂ ಚಿನ್ನದ ಬೆಲೆ. ಪಹಣಿಯಲ್ಲಿ ಹೆಸರಿರುವ ತಾತನಿಗೆ ನೆನಪು ಸರಿಯಿಲ್ಲದಿದ್ದರೆ, ಅವರ ಹೆಬ್ಬೆಟ್ಟು ಯಾರು ಒತ್ತಿಸಿಕೊಂಡರು ಅನ್ನೋದೇ ದೊಡ್ಡ ಜಗಳ ಆಗುತ್ತದೆ. ಕಾನೂನು ಇಲ್ಲಿ ಗಟ್ಟಿಯಾಗಿದೆ. 1872ರ ಕರಾರು ಕಾಯ್ದೆಯ ಪ್ರಕಾರ, ಕರಾರು ಮಾಡುವ ಹೊತ್ತಿನಲ್ಲಿ ಆ ವ್ಯಕ್ತಿಗೆ ಅದು ಅರ್ಥ ಆಗಬೇಕು. ಅದರಿಂದ ತನಗೆ ಒಳ್ಳೇದೋ ಕೆಟ್ಟದ್ದೋ ಅಂತ ತೂಗಿ ನೋಡುವ ಶಕ್ತಿಯೂ ಇರಬೇಕು. 1908ರ ನೋಂದಣಿ ಕಾಯ್ದೆಯ ಪ್ರಕಾರ, ಎದುರಿಗೆ ನಿಂತವರ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಕಂಡರೆ ಸಬ್ ರಿಜಿಸ್ಟ್ರಾರ್ ಪತ್ರ ನೋಂದಾಯಿಸಲು ಒಪ್ಪಬಾರದು. ಇಲ್ಲಿ ಯಾರೂ ವಯಸ್ಸನ್ನು ಕೇಳುವುದಿಲ್ಲ. ತೊಂಬತ್ತರ ಅಜ್ಜಿಗೆ ಲೆಕ್ಕ ಪಕ್ಕಾ ಇದ್ದರೆ ಅವರು ಧಾರಾಳವಾಗಿ ಸಹಿ ಹಾಕಬಹುದು. ಕೇಳುವುದು ಒಂದೇ ಪ್ರಶ್ನೆ: 'ಇದು ನಿಮಗೆ ಅರ್ಥ ಆಗಿದೆಯಾ?'

ಒಂದು ಗುಂಟೆಗೆ ಇರುವ ಈ ಪ್ರಶ್ನೆ, ಬಜೆಟ್‌ಗೆ ಸಹಿ ಹಾಕುವವರಿಗೆ ಇಲ್ಲ.

1984ರ ಇಬ್ಬರು ಅಭ್ಯರ್ಥಿಗಳು

ನಮ್ಮ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಿಂದಲೇ ಶುರು ಮಾಡೋಣ. 1984ರ ಚುನಾವಣೆಯಲ್ಲಿ ಇಲ್ಲಿ ಎದುರಾದವರು ಇಬ್ಬರು ಘಟಾನುಘಟಿಗಳು. ಒಬ್ಬರು ಕಾಂಗ್ರೆಸ್‌ನ ಸಿ.ಕೆ. ಜಾಫರ್ ಷರೀಫ್, ಆಗ 51 ವರ್ಷ. ಇನ್ನೊಬ್ಬರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್, 54 ವರ್ಷ. ಗೆದ್ದವರು ಷರೀಫ್. ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆ ಉದ್ಘಾಟನೆ ಆದದ್ದೂ ಅದೇ ವರ್ಷ. ಮುಂದೆ ಇಬ್ಬರೂ ರೈಲ್ವೆ ಮಂತ್ರಿಗಳಾದರು.

ಇಪ್ಪತ್ತೈದು ವರ್ಷ ಕಳೆದು 2009ಕ್ಕೆ ಬನ್ನಿ. ಷರೀಫ್ 75ನೇ ವಯಸ್ಸಿನಲ್ಲಿ ಮತ್ತೆ ಬೆಂಗಳೂರು ಉತ್ತರದಲ್ಲಿ ನಿಂತರು. ಬಿಜೆಪಿಯ ಡಿ.ಬಿ. ಚಂದ್ರೇಗೌಡರ ಎದುರು ಸೋತರು. ಚಂದ್ರೇಗೌಡರಿಗೂ ಆಗ 72. ಮತದಾರರ ಮುಂದೆ ಇದ್ದ ಪ್ರಮುಖ ಹೆಸರುಗಳೆರಡೂ ಎಪ್ಪತ್ತು ದಾಟಿದವರದು. 2014ರಲ್ಲಿ ಕಾಂಗ್ರೆಸ್ ಈ ಕ್ಷೇತ್ರದಲ್ಲಿ ಕಾರ್ಯಕರ್ತರಿಂದಲೇ ಮತ ಹಾಕಿಸಿ ಅಭ್ಯರ್ಥಿ ಆರಿಸುವ ಪ್ರಯೋಗ ಮಾಡಿತು. ಸಿ. ನಾರಾಯಣಸ್ವಾಮಿ ಆಯ್ಕೆಯಾದರು. ಷರೀಫರಿಗೆ ಟಿಕೆಟ್ ಸಿಗಲಿಲ್ಲ, ಅವರು ಮುನಿಸಿಕೊಂಡರು.

ಜಾರ್ಜ್ ಕಥೆ ಬೇರೆ, ಮನಸ್ಸಿಗೆ ನೋವಾಗುವಂಥದ್ದು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದ ಮನುಷ್ಯ ಅವರು. 1998ರಿಂದ 2004ರವರೆಗಿನ ವಾಜಪೇಯಿ ಸರ್ಕಾರದಲ್ಲಿ ರಕ್ಷಣಾ ಮಂತ್ರಿ. 2009ರಲ್ಲಿ ಅವರದೇ ಪಕ್ಷ ಜೆಡಿಯು, ಆರೋಗ್ಯ ಸರಿಯಿಲ್ಲ ಅಂತ ಅದೇ ಮುಜಫ್ಫರ್‌ಪುರದ ಟಿಕೆಟ್ ಕೊಡಲಿಲ್ಲ. ಅವರು ಪಕ್ಷೇತರರಾಗಿ ನಿಂತರು, ದೊಡ್ಡ ಸೋಲು ಕಂಡರು.

ಇಷ್ಟಕ್ಕೇ ಮುಗಿದಿದ್ದರೆ, ಪಕ್ಷ ಸರಿಯಾದ ನಿರ್ಧಾರ ಮಾಡಿತು ಅನ್ನಬಹುದಿತ್ತು. ಆದರೆ ಕೆಲವೇ ತಿಂಗಳಲ್ಲಿ, ಆಗಸ್ಟ್ ಹೊತ್ತಿಗೆ, ಅದೇ ಪಕ್ಷದ ಬೆಂಬಲದಿಂದ ಅವರು ರಾಜ್ಯಸಭೆಗೆ ಅವಿರೋಧವಾಗಿ ಆಯ್ಕೆಯಾದರು. ಜನರ ಮುಂದೆ ನಿಲ್ಲಲು ಆಗದವರು ಕಾನೂನು ಮಾಡುವ ಮನೆಯಲ್ಲಿ ಕೂರಬಹುದು ಅಂತಾಯಿತು. 2010ರಲ್ಲಿ ಅವರ ಆಲ್‌ಝೈಮರ್ ಕಾಯಿಲೆ ಎಲ್ಲರಿಗೂ ಗೊತ್ತಾಗಿತ್ತು. ಅವರ ಆರೈಕೆ ಯಾರ ಕೈಯಲ್ಲಿರಬೇಕು ಅನ್ನೋ ಜಗಳ ದಿಲ್ಲಿ ಹೈಕೋರ್ಟಿಗೆ ಹೋಯಿತು. ಆ ವರ್ಷದ ಜುಲೈವರೆಗೂ ಅವರು ದಾಖಲೆಯಲ್ಲಿ ರಾಜ್ಯಸಭಾ ಸದಸ್ಯರೇ. 2019ರ ಜನವರಿ 29ರಂದು 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿ ತಪ್ಪು ಆ ಕಾಯಿಲೆಯದಲ್ಲ, ಕಾಯಿಲೆ ಬಿದ್ದವರದಂತೂ ಅಲ್ಲ. ಅವರ ಸ್ಥಿತಿ ನೋಡಿ ತೀರ್ಮಾನ ಮಾಡುವ ನೇರವಾದ ದಾರಿಯೇ ಇರಲಿಲ್ಲ. ಪಕ್ಷಕ್ಕೆ ಬೇಡವಾದಾಗ ಆರೋಗ್ಯ ಅಡ್ಡ ಬಂತು, ಬೇಕಾದಾಗ ಅಡ್ಡ ಬರಲಿಲ್ಲ.

1990: ವೀರೇಂದ್ರ ಪಾಟೀಲರ ಅಕ್ಟೋಬರ್

ಇದಕ್ಕಿಂತ ಹಳೆಯ ಘಟನೆಯೊಂದು ನಮ್ಮ ರಾಜ್ಯದ ರಾಜಕೀಯವನ್ನೇ ತಿರುಗಿಸಿತು. 1989ರ ನವೆಂಬರಿನಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಪಾಟೀಲರು ಮುಖ್ಯಮಂತ್ರಿಯಾದರು. ಒಂದು ವರ್ಷ ತುಂಬುವ ಮೊದಲೇ ಅವರಿಗೆ ಪಾರ್ಶ್ವವಾಯು ಬಡಿಯಿತು. ಅದೇ ಹೊತ್ತಿಗೆ ರಾಜ್ಯದಲ್ಲಿ ಕೋಮುಗಲಭೆ. ಬೆಂಗಳೂರಿಗೆ ಬಂದ ರಾಜೀವ್ ಗಾಂಧಿ ವಾಪಸ್ ಹೋಗುವಾಗ, ಎಚ್‌ಎಎಲ್ ವಿಮಾನ ನಿಲ್ದಾಣದಲ್ಲೇ ಹೊಸ ನಾಯಕನ ಆಯ್ಕೆ ನಡೆಯುತ್ತದೆ ಅಂತ ಹೇಳಿಬಿಟ್ಟರು. ಗೊಂದಲದ ನಡುವೆ ಅಕ್ಟೋಬರ್ 10ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. 17ಕ್ಕೆ ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾದರು.

ಪಾಟೀಲರಿಗೆ ಆಗ ವಯಸ್ಸು 66 ಮಾತ್ರ. ಅವರು ಚೇತರಿಸಿಕೊಂಡು ಕೆಲಸ ಮಾಡಬಲ್ಲರೇ ಇಲ್ಲವೇ ಅನ್ನೋದು ನ್ಯಾಯವಾದ ಪ್ರಶ್ನೆಯೇ. ಖಾಯಿಲೆ ಬಿದ್ದ ಮುಖ್ಯಮಂತ್ರಿ, ಹೊತ್ತಿ ಉರಿಯುತ್ತಿರುವ ಊರುಗಳು. ಯಾರಾದರೂ ಕೇಳಲೇಬೇಕಿತ್ತು. ಆದರೆ ಕೇಳಿದ ಜಾಗ ವಿಧಾನಸಭೆ ಅಲ್ಲ, ಶಾಸಕರ ಸಭೆ ಅಲ್ಲ, ವೈದ್ಯರ ಮಂಡಳಿಯೂ ಅಲ್ಲ. ವಿಮಾನ ಹತ್ತುವ ಮುಂಚೆ ಹೈಕಮಾಂಡ್ ಹೇಳಿದ ಒಂದು ಮಾತಿನಲ್ಲಿ ಎಲ್ಲ ಮುಗಿಯಿತು. ಅದನ್ನು ಲಿಂಗಾಯತರು ತಮಗಾದ ಅವಮಾನ ಅಂತ ತಿಳಿದರು. ಆ ಮುನಿಸಿನ ಮಾತು ಇವತ್ತಿಗೂ ಚುನಾವಣೆ ಬಂದಾಗಲೆಲ್ಲ ಕೇಳುತ್ತದೆ. 1994ರಲ್ಲಿ ಕಾಂಗ್ರೆಸ್ 34 ಸ್ಥಾನಕ್ಕೆ ಕುಸಿಯಿತು. ಕಾರಣ ಇದೊಂದೇ ಅಲ್ಲ, ಆದರೆ ಇದೂ ಒಂದು.

ಅವತ್ತು ಆರೋಗ್ಯದ ಪ್ರಶ್ನೆಯನ್ನು ಜನ ಆರೋಗ್ಯದ ಪ್ರಶ್ನೆಯಾಗಿ ನೋಡಲಿಲ್ಲ. ಅದು ಜಾತಿಯ ಲೆಕ್ಕವಾಯಿತು, ಹೈಕಮಾಂಡಿನ ದರ್ಪವಾಯಿತು. ನೇರವಾದ ವಿಧಾನ ಇಲ್ಲದ ಕಡೆ ಹೀಗೇ ಆಗುತ್ತದೆ. ಅವರು ಕೆಲಸ ಮಾಡಬಲ್ಲರೇ ಅನ್ನೋದು ಹಿಂದಕ್ಕೆ ಸರಿದು, ಅವರನ್ನು ತೆಗೆದವರು ಯಾರು ಅನ್ನೋದೇ ಮುಂದೆ ಬರುತ್ತದೆ.

ಎಪ್ಪತ್ತೈದರ ಗೆರೆ

2014ರ ನಂತರ ಬಿಜೆಪಿಯಲ್ಲಿ 75 ದಾಟಿದವರಿಗೆ ಅಧಿಕಾರ ಬೇಡ ಅನ್ನೋ ಅಲಿಖಿತ ನಿಯಮ ಮಾತಿಗೆ ಬಂತು. ಗೆರೆ ಅಂದಮೇಲೆ ಎಲ್ಲರಿಗೂ ಒಂದೇ ಇರಬೇಕಲ್ಲ? ನಮ್ಮ ರಾಜ್ಯದಲ್ಲಿ ಅದು ಹೇಗೆ ಬಳುಕಿತು ನೋಡಿ.

ಬಿ.ಎಸ್. ಯಡಿಯೂರಪ್ಪ 2019ರ ಜುಲೈಯಲ್ಲಿ 76ನೇ ವಯಸ್ಸಿನಲ್ಲಿ ಮುಖ್ಯಮಂತ್ರಿಯಾದರು. 2021ರ ಜುಲೈ 26ಕ್ಕೆ ರಾಜೀನಾಮೆ ಕೊಟ್ಟಾಗ ವಯಸ್ಸಿನ ಮಾತು ಎಲ್ಲ ಕಡೆ ಕೇಳಿತು. ಒಂದು ವರ್ಷ ಕಳೆದ ಮೇಲೆ, 2022ರ ಆಗಸ್ಟಿನಲ್ಲಿ, ಪಕ್ಷದ ಅತ್ಯುನ್ನತ ಸಂಸದೀಯ ಮಂಡಳಿಗೆ ಅವರನ್ನೇ ಸೇರಿಸಿಕೊಂಡರು. ಆಗ ಅವರಿಗೆ 79.

ಎಸ್.ಎಂ. ಕೃಷ್ಣ 2017ರ ಜನವರಿಯಲ್ಲಿ 84ನೇ ವಯಸ್ಸಿನಲ್ಲಿ ಕಾಂಗ್ರೆಸ್ ಬಿಟ್ಟರು. ವಯಸ್ಸಿನ ನೆಪ ಹೇಳಿ ತಮ್ಮನ್ನು ಬದಿಗೆ ಸರಿಸಿದರು ಅನ್ನೋ ನೋವನ್ನು ಬಹಿರಂಗವಾಗಿಯೇ ಹೇಳಿಕೊಂಡರು. ಎರಡು ತಿಂಗಳಲ್ಲಿ ಅವರನ್ನು ಕೈಚಾಚಿ ಕರೆದುಕೊಂಡದ್ದು 75ರ ಗೆರೆಯ ಮಾತಾಡುತ್ತಿದ್ದ ಬಿಜೆಪಿ.

2019ರ ತುಮಕೂರು ಇನ್ನೊಂದು ಉದಾಹರಣೆ. ಒಂದು ಕಡೆ 85 ವರ್ಷದ ಎಚ್.ಡಿ. ದೇವೇಗೌಡರು. ಇನ್ನೊಂದು ಕಡೆ ಬಿಜೆಪಿಯ ಜಿ.ಎಸ್. ಬಸವರಾಜು, ಅವರೂ 75 ದಾಟಿದವರೇ. ಗೆದ್ದವರು ಬಸವರಾಜು. ಮರುವರ್ಷ ದೇವೇಗೌಡರು ರಾಜ್ಯಸಭೆಗೆ ಹೋದರು. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದ ಮತದಾರರಿಗೆ ಮನೆಯಿಂದಲೇ ಮತ ಹಾಕುವ ಸೌಲಭ್ಯ ಕೊಟ್ಟರು. ಅದೇ ಚುನಾವಣೆಯಲ್ಲಿ ದಾವಣಗೆರೆ ದಕ್ಷಿಣದಿಂದ ಗೆದ್ದ ಶಾಮನೂರು ಶಿವಶಂಕರಪ್ಪ ಅವರಿಗೆ 91 ವರ್ಷ.

ಇದರಲ್ಲಿ ಒಂದು ಪಕ್ಷ ಒಳ್ಳೇದು, ಇನ್ನೊಂದು ಕೆಟ್ಟದ್ದು ಅಂತ ಇಲ್ಲ. ಎಲ್ಲ ಪಕ್ಷಗಳಿಗೂ ವಯಸ್ಸು ಬೇಕಾದಾಗ ತೆಗೆಯುವ ಕೊಡೆ, ಮಳೆ ನಿಂತ ಮೇಲೆ ಮೂಲೆಗೆ.

ಹಾಗಾದರೆ ವಯಸ್ಸಿನ ಮಿತಿ ಹಾಕಿಬಿಡೋಣವಾ?

ಸರ್ಕಾರಿ ನೌಕರ 60ಕ್ಕೆ ನಿವೃತ್ತ. ಹೈಕೋರ್ಟ್ ನ್ಯಾಯಮೂರ್ತಿ 62ಕ್ಕೆ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ 65ಕ್ಕೆ. ರಾಜಕಾರಣಿಗೆ ಮಾತ್ರ ಯಾಕಿಲ್ಲ ಅಂತ ಅರಳೀಕಟ್ಟೆಯಲ್ಲಿ ಕೇಳುವುದು ಸಹಜ. ಆದರೆ ಬರೀ ವಯಸ್ಸು ನೋಡಿದರೆ ನಾವು ಯಾರನ್ನೆಲ್ಲ ಕಳೆದುಕೊಳ್ಳುತ್ತಿದ್ದೆವು ಅನ್ನೋದನ್ನೂ ನೋಡಬೇಕು.

ನಮ್ಮ ಬಳ್ಳಾರಿ ರಸ್ತೆಯಲ್ಲೇ ಮುಂದೆ ಹೋದರೆ ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿ ಸಿಗುತ್ತದೆ, ವಿಶ್ವೇಶ್ವರಯ್ಯನವರ ಊರು. ಬಿಹಾರದ ಮೊಕಾಮಾದಲ್ಲಿ ಗಂಗಾ ನದಿಗೆ ಕಟ್ಟಿದ ರಾಜೇಂದ್ರ ಸೇತುವೆಗೆ ಜಾಗ ಯಾವುದು ಅಂತ ಗೊತ್ತುಮಾಡುವ ಕೆಲಸದಲ್ಲಿ ಅವರಿದ್ದಾಗ ತೊಂಬತ್ತು ದಾಟಿತ್ತು. ಶಿವರಾಮ ಕಾರಂತರು 1989ರಲ್ಲಿ 87ನೇ ವಯಸ್ಸಿನಲ್ಲಿ ಉತ್ತರ ಕನ್ನಡದಲ್ಲಿ ಲೋಕಸಭೆಗೆ ನಿಂತರು, ಕೈಗಾ ಅಣುಸ್ಥಾವರ ಬೇಡ ಅಂತ ಹೇಳಲು. ಸೋತರು, ಆದರೆ ಅವರು ಏನು ಹೇಳುತ್ತಿದ್ದಾರೆ ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಬಂದ ತೀರ್ಪು ಅವರ ಹೆಸರಿನಲ್ಲೇ ಇದೆ.

ಕಣ್ಣು ಮುಚ್ಚಿ ಕೂತ ಫೋಟೊ ನಂಬಿ ತೀರ್ಮಾನ ಮಾಡುವುದೂ ಕಷ್ಟ. ದೇವೇಗೌಡರು ಸಭೆಯಲ್ಲಿ ನಿದ್ದೆ ಮಾಡುತ್ತಾರೆ ಅಂತ ಫೋಟೊ ಹಾಕಿ ನಕ್ಕದ್ದು ಅವರು ಪ್ರಧಾನಿಯಾಗಿದ್ದ 1996–97ರಲ್ಲಿ. ಆಗ ಅವರಿಗೆ 63. ಅದಾದ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ರಾಜ್ಯದ ರಾಜಕೀಯದ ಲೆಕ್ಕಾಚಾರ ಅವರನ್ನು ಬಿಟ್ಟು ನಡೆಯಲಿಲ್ಲ. ಕೃಷ್ಣ ಅವರದ್ದೂ ಅಷ್ಟೇ. 2011ರ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಪೋರ್ಚುಗಲ್ ಮಂತ್ರಿಯ ಭಾಷಣವನ್ನು ತಮ್ಮದೆಂದು ಸುಮಾರು ಮೂರು ನಿಮಿಷ ಓದಿದರು. ದೇಶವೇ ನಕ್ಕಿತು. ವಯಸ್ಸಾಯಿತು ಅಂದರು. ಆದರೆ ಮುಂದಿಟ್ಟ ಕಾಗದ ಅದಲುಬದಲಾಗುವುದು ಮೂವತ್ತರ ಗುಮಾಸ್ತನಿಗೂ ಆಗುತ್ತದೆ.

ವಯಸ್ಸಾದ ಮೇಲೆ ಹೆಸರು ತಕ್ಷಣ ನೆನಪಿಗೆ ಬರದಿರುವುದು ಒಂದು. ಎದುರಿಗಿರುವ ಮಗನನ್ನೇ ಗುರುತಿಸದಿರುವುದು, ದಾರಿ ತಪ್ಪುವುದು, ದುಡ್ಡಿನ ಲೆಕ್ಕವೇ ತಿಳಿಯದಿರುವುದು ಇನ್ನೊಂದು. ಎರಡನೆಯದು ಮರೆವಿನ ಕಾಯಿಲೆಯ ಲಕ್ಷಣ ಇರಬಹುದು. ಅದನ್ನು ಪರೀಕ್ಷೆ ಮಾಡಿ ಹೇಳಬೇಕಾದವರು ಡಾಕ್ಟರು. ಮೂವತ್ತು ಸೆಕೆಂಡಿನ ವಿಡಿಯೊ ನೋಡಿ ನಾವು ಹೇಳುವಂಥದ್ದಲ್ಲ.

ಕಾನೂನಿನಲ್ಲಿ ಇರುವುದು ಒಂದೇ ಬಾಗಿಲು

ಸಂವಿಧಾನದ 102 ಮತ್ತು 191ನೇ ವಿಧಿಗಳು ಸಂಸದ, ಶಾಸಕರ ಅನರ್ಹತೆ ಬಗ್ಗೆ ಹೇಳುತ್ತವೆ. ಬುದ್ಧಿ ಸ್ವಾಧೀನದಲ್ಲಿಲ್ಲದವರು ಅನರ್ಹರು, ಆದರೆ ಹಾಗಂತ ಅಧಿಕಾರವುಳ್ಳ ನ್ಯಾಯಾಲಯ ಘೋಷಿಸಿರಬೇಕು. ಇದು ಒಳ್ಳೆಯ ರಕ್ಷಣೆ. ಇಲ್ಲದಿದ್ದರೆ ವಿರೋಧಿಗಳು ಒಬ್ಬರನ್ನೊಬ್ಬರು ಹುಚ್ಚರು ಅಂತ ಕರೆದು ನಾಮಪತ್ರ ತಿರಸ್ಕಾರ ಮಾಡಿಸುತ್ತಿದ್ದರು. ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಅನ್ನುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ ಸ್ಪಷ್ಟವಾಗಿ ಹೇಳುತ್ತದೆ.

ಆದರೆ ಆ ಬಾಗಿಲು ತಟ್ಟುವವರು ಯಾರು? ಮನೆಯವರು ತಟ್ಟುವುದಿಲ್ಲ, ಅಧಿಕಾರ ಮನೆಯಲ್ಲಿದೆ. ಪಕ್ಷ ತಟ್ಟುವುದಿಲ್ಲ, ಸೀಟು ಪಕ್ಷದ್ದು. ಸುಪ್ರೀಂ ಕೋರ್ಟಿನ 2002–03ರ ತೀರ್ಪುಗಳಿಂದಾಗಿ ಅಭ್ಯರ್ಥಿ ತನ್ನ ಕೇಸು, ಆಸ್ತಿ, ಸಾಲ, ಓದು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆಯಬೇಕು. ಹೆಂಡತಿಯ ಒಡವೆಯ ತೂಕವೂ ಅದರಲ್ಲಿರುತ್ತದೆ. ಆರೋಗ್ಯದ ಬಗ್ಗೆ ಒಂದು ಸಾಲೂ ಇಲ್ಲ. ನಲವತ್ತು ದಾಟಿದವರು ಡ್ರೈವಿಂಗ್ ಲೈಸೆನ್ಸಿಗೆ ಡಾಕ್ಟರ್ ಸರ್ಟಿಫಿಕೇಟ್ ಕೊಡಬೇಕು, ಇಡೀ ರಾಜ್ಯದ ಸ್ಟೇರಿಂಗ್ ಹಿಡಿಯುವವರಿಗೆ ಅದೂ ಬೇಡ.

ಅಧಿಕಾರದಲ್ಲಿದ್ದಾಗಲೇ ಶಕ್ತಿ ಕಳೆದುಕೊಂಡರೆ ಏನು? ರಾಷ್ಟ್ರಪತಿಗೆ ಖಾಯಿಲೆಯಾದರೆ ಉಪರಾಷ್ಟ್ರಪತಿ ಕೆಲಸ ನೋಡುತ್ತಾರೆ ಅಂತ 65ನೇ ವಿಧಿ ಹೇಳುತ್ತದೆ. ಮುಖ್ಯಮಂತ್ರಿಗೆ ಅಂಥ ವಿಧಿ ಇಲ್ಲ. ಅಮೆರಿಕದಲ್ಲಿ 1919ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್‌ಗೆ ಪಾರ್ಶ್ವವಾಯು ಬಡಿದಾಗ ಅವರನ್ನು ಯಾರು ನೋಡಬೇಕು, ಯಾವ ಕಾಗದ ಒಳಗೆ ಹೋಗಬೇಕು ಅನ್ನೋದನ್ನು ಅವರ ಹೆಂಡತಿ ನಿರ್ಧರಿಸುತ್ತಿದ್ದರು. ಹಾಗೇ ಒಂದೂವರೆ ವರ್ಷ ನಡೆಯಿತು. ಅಧ್ಯಕ್ಷ ಕೆಲಸ ಮಾಡಲಾಗದಿದ್ದರೆ ಏನು ಮಾಡಬೇಕು ಅಂತ ಸಂವಿಧಾನದಲ್ಲಿ ಬರೆಯಲು ಅವರಿಗೂ 1967 ಆಗಬೇಕಾಯಿತು. ಉಪಾಧ್ಯಕ್ಷ ಮತ್ತು ಸಂಪುಟದ ಬಹುಮತ ಸೇರಿ ಲಿಖಿತವಾಗಿ ಹೇಳಿದರೆ ಅಧಿಕಾರ ಉಪಾಧ್ಯಕ್ಷರಿಗೆ ಹೋಗುತ್ತದೆ.

ನಮ್ಮ ಪಕ್ಕದಲ್ಲೇ, 2016ರಲ್ಲಿ, ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದಾಗ 75 ದಿನ ಆಸ್ಪತ್ರೆಯಲ್ಲಿದ್ದರು. ವಯಸ್ಸು 68. ಆ ನಡುವೆ ಬಂದ ಉಪಚುನಾವಣೆಗಳಲ್ಲಿ ಪಕ್ಷದ ಅಭ್ಯರ್ಥಿಗಳಿಗೆ ಚಿಹ್ನೆ ಕೊಡುವ ಕಾಗದದ ಮೇಲೆ ಅವರ ಸಹಿ ಇರಲಿಲ್ಲ, ಹೆಬ್ಬೆಟ್ಟಿತ್ತು. ಒಂದು ಕ್ಷೇತ್ರದ ವಿಷಯ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2019ರ ಮಾರ್ಚಿನಲ್ಲಿ ನ್ಯಾಯಾಲಯ ಹೆಬ್ಬೆಟ್ಟಿನ ಆ ಕಾಗದವನ್ನು ಒಪ್ಪದೆ ಗೆಲುವನ್ನು ರದ್ದು ಮಾಡಿತು. ಅಷ್ಟರಲ್ಲಿ ಗೆದ್ದವರೂ ಇರಲಿಲ್ಲ, ಹೆಬ್ಬೆಟ್ಟು ಒತ್ತಿದವರೂ ಇರಲಿಲ್ಲ. ಪಹಣಿ ಜಗಳಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕೇಳಬೇಕಾದ ಪ್ರಶ್ನೆ

ಈ ಎಲ್ಲ ಕಥೆಗಳಲ್ಲೂ ಒಂದು ಸಮಾನ ಅಂಶ ಇದೆ. ವಯಸ್ಸಾದವರು ತೊಂದರೆ ಅಲ್ಲ. ಅವರ ಹೆಸರಿನಲ್ಲಿ ಇನ್ಯಾರೋ ಆಳುವುದು ತೊಂದರೆ. ಪಂಚಾಯತಿಯಲ್ಲಿ ಅಧ್ಯಕ್ಷೆಯ ಕುರ್ಚಿಯಲ್ಲಿ ಅವರ ಗಂಡ ಕೂತು ಅಧಿಕಾರ ನಡೆಸುವುದನ್ನು ನಾವು ನೋಡಿದ್ದೇವೆ, ಅದು ತಪ್ಪು ಅಂತಲೂ ಗೊತ್ತು. ನಾಯಕನಿಗೆ ಕೈಲಾಗದಿದ್ದಾಗ ಮಗನೋ, ಅಳಿಯನೋ, ಪಿಎಯೋ ನಡೆಸುವ ಅಧಿಕಾರವೂ ಅದೇ ತಪ್ಪು. ನಾವು ಅವರಿಗೆ ಮತ ಹಾಕಿಲ್ಲ. ನಾಳೆ ಕೆಲಸ ಕೆಟ್ಟರೆ ಅವರನ್ನು ಕೇಳುವಂತೆಯೂ ಇಲ್ಲ.

ಅದಕ್ಕೇ ಸಬ್ ರಿಜಿಸ್ಟ್ರಾರ್ ಕೇಳಬೇಕಾದ ಪ್ರಶ್ನೆಯನ್ನೇ ನಾವೂ ಕೇಳಬಹುದು. ಮತ ಕೇಳಲು ಬಂದವರಿಗೆ, ವಯಸ್ಸು ಮೂವತ್ತಿರಲಿ ತೊಂಬತ್ತಿರಲಿ, ನಮ್ಮೂರಿನ ಒಂದು ಕೆಲಸದ ಬಗ್ಗೆ ಕೇಳಿ. ಕೆರೆಯ ಒತ್ತುವರಿ ಆಗಲಿ, ಸರ್ವಿಸ್ ರಸ್ತೆ ಆಗಲಿ, ಕುಡಿಯುವ ನೀರಾಗಲಿ. ಪಕ್ಕದಲ್ಲಿ ನಿಂತವರು ಕಿವಿಯಲ್ಲಿ ಹೇಳಿಕೊಡದೆ ಐದು ನಿಮಿಷ ಅವರೇ ಮಾತಾಡಲಿ. ನಿಧಾನವಾಗಿ ಹೇಳಲಿ, ಹೆಸರು ಮರೆಯಲಿ, ಕೂತು ಹೇಳಲಿ, ಪರವಾಗಿಲ್ಲ. ವಿಷಯ ತಿಳಿದಿದೆಯಾ, ಎದುರು ಪ್ರಶ್ನೆಗೆ ಉತ್ತರ ಇದೆಯಾ, ಅದನ್ನು ನೋಡಿ. ಈಗಾಗಲೇ ಸಂಸದರಾಗಿದ್ದವರಾದರೆ ಸದನಕ್ಕೆ ಎಷ್ಟು ದಿನ ಬಂದರು, ಎಷ್ಟು ಪ್ರಶ್ನೆ ಕೇಳಿದರು ಅನ್ನೋದು ಸಂಸತ್ತಿನ ವೆಬ್‌ಸೈಟಿನಲ್ಲೇ ಸಿಗುತ್ತದೆ. ಫೋನಿನಲ್ಲೇ ನೋಡಬಹುದು. ಕಚೇರಿಗೆ ಹೋದವರನ್ನು ಕೇಳಿ: ನಿಮ್ಮ ಅರ್ಜಿಗೆ ಉತ್ತರ ಹೇಳಿದ್ದು ಅವರಾ, ಅವರ ಮನೆಯವರಾ?

ಪಕ್ಷಗಳನ್ನೂ ಕೇಳಬೇಕಾದ್ದಿದೆ. ಟಿಕೆಟ್ ಕೊಡುವಾಗ ಮತ್ತು ತಪ್ಪಿಸುವಾಗ ಅಳತೆಗೋಲು ಯಾವುದು ಅಂತ ಮೊದಲೇ ಹೇಳಿ, ಎಲ್ಲರಿಗೂ ಅದನ್ನೇ ಹಿಡಿಯಿರಿ. ಆಗ ಹಿರಿಯರಿಗೂ ಅವಮಾನ ಆಗುವುದಿಲ್ಲ, ಅವರ ಜಾತಿಯವರಿಗೂ ಅವಮಾನ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ತಡವರಿಸುವ ನಾಯಕನ ವಿಡಿಯೊ ಮುಂದಿನ ಸಲ ನಿಮ್ಮ ಗುಂಪಿಗೆ ಬಂದಾಗ, ಅದೇ ಗುಂಪಿನಲ್ಲಿ ಯಾರದ್ದೋ ಮನೆಯ ತಾತನಿಗೂ ಮರೆವಿನ ಕಾಯಿಲೆ ಇರುತ್ತದೆ ಅನ್ನೋದು ನೆನಪಿರಲಿ. ಕಾಯಿಲೆ ನೋಡಿ ನಗುವ ಊರಿನಲ್ಲಿ ಕಾಯಿಲೆ ಬಚ್ಚಿಡುವುದೇ ಜಾಸ್ತಿ. ಮನೆಯಲ್ಲಿ ಬಚ್ಚಿಟ್ಟರೆ ಒಂದು ಗುಂಟೆ ಹೋಗಬಹುದು. ವಿಧಾನಸೌಧದಲ್ಲಿ ಬಚ್ಚಿಟ್ಟರೆ ಹೋಗುವುದು ಎಲ್ಲರದ್ದು.